ಐದನೇ ಬಾಕ್ಸಿನಲ್ಲಿ ಮಾತಿಲ್ಲ

ತುಮಕೂರು ಕಡೆಯ ಹಳ್ಳಿ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಎಂಟನೇ ತರಗತಿಯ ಒಬ್ಬ ಹುಡುಗ ಪ್ರಬಂಧ ಅಂದರೆ ಮೂರು ಸಾಲಿಗೇ ಪೆನ್ನು ಕೆಳಗಿಡುತ್ತಿದ್ದ. 'ನಮ್ಮ ಮನೆಯ ಹಸು' ಅಂತ ಕೊಟ್ಟಾಗಲೂ ಅಷ್ಟೇ. "ಹಸು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು. ಅದು ಹಾಲು ಕೊಡುತ್ತದೆ." ದಿನಾ ಬೆಳಿಗ್ಗೆ ಹಾಲು ಕರೆದು ಶಾಲೆಗೆ ಬರುವ ಹುಡುಗ ಇವನು! ನನಗೆ ತುಂಬಾ ಸಂಕಟವಾಗಿತ್ತು.

ಒಂದು ಶನಿವಾರ ಎಲ್ಲರನ್ನೂ ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದೆ. ಆರು ಬಾಕ್ಸಿನ ಕಾಮಿಕ್ ಮಾಡಬೇಕು. ಮನೆಯಲ್ಲಿ ನಡೆದದ್ದೇ ಆಗಬೇಕು. ಪಾತ್ರದ ಮಾತು ಬರೆಯುವ ಒಂದು ಬಲೂನಿಗೆ ಎಂಟು ಪದಕ್ಕಿಂತ ಜಾಸ್ತಿ ಬೇಡ. ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೇ ಬರೆಯಿರಿ ಅಂದೆ.

ಮೊದಲು ತೆರೆದ ಟೂಲ್‌ನಲ್ಲಿ ಒತ್ತಕ್ಷರ ಒಡೆದು 'ಅಜ್ಜಿ' ಹೋಗಿ 'ಅಜ್‌ಜಿ' ಆಯಿತು. ಅರ್ಧ ಗಂಟೆ ಅದಕ್ಕೇ ಹೋಯಿತು. ಆಮೇಲೆ ಚಿತ್ರ, ಪೋಸ್ಟರ್ ಮಾಡುವ ಕ್ಯಾನ್ವಾ ಅನ್ನುವ ಟೂಲ್‌ಗೆ ಬಂದೆವು. ಅದರ ಶಾಲಾ ಆವೃತ್ತಿ ಮೇಷ್ಟ್ರುಗಳಿಗೂ ಮಕ್ಕಳಿಗೂ ಉಚಿತ. 'ಬಾಲೂ ತಮ್ಮ' ಅನ್ನುವ ದುಂಡನೆಯ ಫಾಂಟ್ ಬಲೂನಿನೊಳಗೆ ಎಷ್ಟು ಚೆನ್ನಾಗಿ ಕೂರುತ್ತದೆ ಗೊತ್ತಾ! ಕೆಲವರು ಮಾತ್ರ ಪೂರ್ತಿ ಹೊತ್ತು ಅಂಗಿಯ ಬಣ್ಣ ಬದಲಿಸುತ್ತಲೇ ಕೂತರು. ಮುಂದಿನ ಸಲದಿಂದ ಮೊದಲು ಪೆನ್ಸಿಲ್ಲಿನಲ್ಲಿ ಕಥೆ, ಆಮೇಲೆ ಕಂಪ್ಯೂಟರ್ ಅಂತ ಮಾಡಿದೆ.

ಆ ಹುಡುಗ ಚಿತ್ರಗಳನ್ನು ನೋಟ್‌ಬುಕ್ಕಿನಲ್ಲಿ ತಾನೇ ಬರೆದು, ನನ್ನ ಮೊಬೈಲಿನಲ್ಲಿ ಫೋಟೊ ತೆಗೆಸಿ ಹಾಕಿದ. ಅಜ್ಜಿ ಹಸು ಮಾರಿದ ಕಥೆ. ಮೂರನೇ ಬಾಕ್ಸಿನಲ್ಲಿ ವ್ಯಾಪಾರಿ, "ಕೊಡವ್ವ, ಹೊತ್ತಾಯ್ತು" ಅನ್ನುತ್ತಾನೆ. ಐದನೆಯದರಲ್ಲಿ ಎರಡು ಕೈ, ಒಂದು ಹಗ್ಗ. ಬಲೂನು ಖಾಲಿ.

"ಇಲ್ಲಿ ಅಜ್ಜಿ ಏನಂದ್ರು?" ಅಂತ ಕೇಳಿದೆ.

"ಏನೂ ಅನ್ಲಿಲ್ಲ ಮಿಸ್. ಸುಮ್ನೆ ಕೊರಳ ಕಣ್ಣಿ ಬಿಚ್ಕೊಂಡ್ಳು. ಹಸು ಕೊಟ್ರೂ ಕಣ್ಣಿ ಕೊಡಬಾರ್ದಂತೆ."

ಹಾಗಂದವನೇ ಒಂದು ಕ್ಷಣ ಸ್ಕ್ರೀನ್ ನೋಡಿದ. ಬಲೂನನ್ನೇ ಅಳಿಸಿಬಿಟ್ಟ.

ನನಗೆ ಮಾತೇ ಹೊರಡಲಿಲ್ಲ. 'ವಿವರಿಸಿ ಬರೆಯಿರಿ' ಅಂತ ಎಷ್ಟೋ ವರ್ಷ ಹೇಳಿದ್ದೇನೆ. ಏನನ್ನು ಬರೆಯದೇ ಬಿಡಬೇಕು ಅಂತ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಎಂಟು ಪದದ ಆ ಸಣ್ಣ ಬಲೂನು ಅದನ್ನು ಅವನಿಗೆ ಕಲಿಸಿತ್ತು.

ಸೋಮವಾರ ಅದನ್ನೇ ಚಿತ್ರವಿಲ್ಲದೆ, ಕಥೆಯ ಹಾಗೆ ಬರೆಯಲು ಹೇಳಿದೆ. ಒಂದೂವರೆ ಪುಟ ಬರೆದುಕೊಟ್ಟ. ವ್ಯಾಪಾರಿ ಹಸುವಿನ ಹಲ್ಲು ಎಣಿಸಿದ್ದು, ಅಜ್ಜಿ ಆವತ್ತು ರಾತ್ರಿ ಊಟ ಬಿಟ್ಟಿದ್ದು, ಎಲ್ಲ ಇತ್ತು. ಕೊನೆಯ ಸಾಲು ಹೀಗಿತ್ತು: "ಕಣ್ಣಿ ಇನ್ನೂ ಗೂಟದಾಗೇ ಐತೆ."

'ಐತೆ'ಯನ್ನು ನಾನು ತಿದ್ದಲಿಲ್ಲ.