ರಿಬ್ಬನ್, ಬಟ್ಟೆ ಗಿಳಿ, ಮಗಳ ಕಾಲು: ಪ್ರಯೋಗ ಎಲ್ಲಿಗೆ ಬಂತು

ಈ ವಾರ ಪ್ರಯೋಗಕ್ಕೆ ಬೇಕಾದ ಎರಡೂ ಸ್ಟ್ಯಾಂಡ್ ಸಿದ್ಧವಾದವು. ಕೂಸುಗಳು ಹೇಗೆ ಕಲಿಯುತ್ತವೆ ಅಂತ ನೋಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರೊಲಿನ್ ರೋವೀ-ಕೋಲಿಯರ್ ಅವರ ಪ್ರಯೋಗವನ್ನು ಮೂರು ತಿಂಗಳ ಮಗಳ ಜೊತೆ ಮಾಡಿ ನೋಡುವ ಆಸೆ ಕೊನೆಗೂ ಕೈಗೂಡಿತು.

ಅದು 1969ರಲ್ಲಿ ಪ್ರಕಟವಾದದ್ದು. ಮಗುವಿನ ಕಾಲಿಗೆ ರಿಬ್ಬನ್ ಕಟ್ಟಿ, ಮೇಲೆ ತೂಗುವ ಆಟಿಕೆಗೆ ಸೇರಿಸುತ್ತಾರೆ. ಒದ್ದರೆ ಆಟಿಕೆ ಕುಣಿಯುತ್ತದೆ, ಜೋರಾಗಿ ಒದ್ದರೆ ಇನ್ನೂ ಜಾಸ್ತಿ. ಮಾತು ಬಾರದ ಕೂಸಿಗೆ ಏನು ಗೊತ್ತಾಯಿತು ಅಂತ ತಿಳಿಯಲು ಇದಕ್ಕಿಂತ ಚೆಂದದ ದಾರಿ ನಾನು ಕಂಡಿಲ್ಲ.

ನಮ್ಮ ತೂಗುತೊಟ್ಟಿಲು ಇದಕ್ಕೆ ಆಗಲ್ಲ. ಒದ್ದರೆ ತೊಟ್ಟಿಲೇ ಆಡುತ್ತದೆ. ಹಾಗಾಗಿ ನೆಲದ ಮೇಲೆ ಹಾಸಿಗೆ, ಎರಡು ಬದಿಗೂ ಸ್ಟ್ಯಾಂಡ್. ಒಂದರಲ್ಲಿ ಬಟ್ಟೆಯ ಗಿಳಿಗಳು, ಇನ್ನೊಂದು ಖಾಲಿ. ರಿಬ್ಬನ್ ಸಡಿಲವಾಗಿ ಕಟ್ಟುತ್ತೇವೆ, ಪಕ್ಕದಿಂದ ಏಳುವುದಿಲ್ಲ, ಮುಗಿದ ಕೂಡಲೇ ಬಿಚ್ಚುತ್ತೇವೆ.

"ಕೂಸು ಸುಮ್ನೆ ಮಲಗಿದ್ರೂ ಕಾಲು ಬಡೀತಾನೇ ಇರುತ್ತೆ ಕಣೋ" ಅಂದರು ಅಮ್ಮ. ಖಾಲಿ ಸ್ಟ್ಯಾಂಡ್ ಇರುವುದೇ ಅದಕ್ಕೆ. ಮೊದಲ 3 ನಿಮಿಷ ರಿಬ್ಬನ್ ಅದಕ್ಕೆ ಕಟ್ಟಿರುತ್ತದೆ. ಗಿಳಿ ಕಾಣುತ್ತದೆ, ಒದ್ದರೂ ಅಲುಗುವುದಿಲ್ಲ. ಆಮೇಲೆ 9 ನಿಮಿಷ ಗಿಳಿಗಳಿಗೆ. ಕೊನೆಗೆ 3 ನಿಮಿಷ ಮತ್ತೆ ಖಾಲಿ. ಕೊನೆಯ ಒದೆತ ಮೊದಲಿನದಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಕಲಿತಂತೆ ಲೆಕ್ಕ. ನನ್ನ ಪ್ರಕಾರ ಇಡೀ ಪ್ರಯೋಗದ ಜೀವ ಏನೂ ನಡೆಯದ ಆ ಮೊದಲ 3 ನಿಮಿಷದಲ್ಲಿದೆ.

ಮೊದಲ ಸಲ ಅತ್ತಳು, ನಿಲ್ಲಿಸಿದೆವು. ಇನ್ನೊಂದು ದಿನ ಹಾಲು ಕುಡಿದು ಚೆನ್ನಾಗಿ ಎಚ್ಚರವಿದ್ದಳು. ಗಿಳಿಗೆ ಕಟ್ಟಿದ ಮೇಲೆ ಒಮ್ಮೆ ಒದ್ದು ತಟ್ಟನೆ ನಿಂತಳು. ಗಿಳಿ ಕುಣಿದು ನಿಲ್ಲುವವರೆಗೂ ನೋಡಿದಳು. ಆಮೇಲೆ ರಿಬ್ಬನ್ ಇದ್ದ ಬಲಗಾಲನ್ನೇ ಮತ್ತೆ ಮತ್ತೆ ಎತ್ತಿ ಹಾಕಿದಳು. ವಿಡಿಯೊ ನೋಡಿ ನಾನು, ಹೆಂಡತಿ ಬೇರೆ ಬೇರೆ ಎಣಿಸಿದೆವು. ಕಾಲು ಹೋಗಿ, ಅದೇ ದಾರಿಯಲ್ಲಿ ಸ್ವಲ್ಪವಾದರೂ ವಾಪಸ್ ಬಂದರೆ ಮಾತ್ರ ಒದೆತ. ಇಬ್ಬರ ಲೆಕ್ಕದಲ್ಲೂ ಕೊನೆಯ 3 ನಿಮಿಷದ ಒದೆತ ಮೊದಲಿನದರ ಎರಡು ಪಟ್ಟು ದಾಟಿತ್ತು!

ಗಿಳಿ ಕುಣಿದ ಖುಷಿಗೇ ಒದ್ದಿರಬಹುದು ಅಲ್ವಾ? ಸಂಶೋಧಕರು ಅದನ್ನೂ ನೋಡಿದ್ದಾರೆ. ಇನ್ನೊಂದು ಗುಂಪಿನ ಮಕ್ಕಳಿಗೆ ಆಟಿಕೆಯನ್ನು ತಾವೇ ಅಲುಗಿಸಿದರು. ಆ ಮಕ್ಕಳ ಒದೆತ ಹಾಗೆ ಏರಲಿಲ್ಲ. ಮನೆಯಲ್ಲಿರುವುದು ಒಂದೇ ಮಗು, ಅದೂ ಈಗಾಗಲೇ ಕಲಿತಿದೆ. ಆ ಹೋಲಿಕೆ ನಮ್ಮಿಂದ ಆಗದು.

ಮುಂದಿನದು ನೆನಪು. ಮೂರು ತಿಂಗಳ ಮಕ್ಕಳು ಸುಮಾರು ಒಂದು ವಾರ ನೆನಪಿಟ್ಟುಕೊಳ್ಳುತ್ತಾರಂತೆ. ಎರಡು ವಾರಕ್ಕೆ ಮರೆತರೂ, ಪರೀಕ್ಷೆಯ ಹಿಂದಿನ ದಿನ ಆಟಿಕೆ ಕುಣಿಯುವುದನ್ನು ಸ್ವಲ್ಪ ಹೊತ್ತು ತೋರಿಸಿದರೆ ನೆನಪು ಮರಳುತ್ತದೆ ಎಂದು 1980ರಲ್ಲಿ ತೋರಿಸಿದರು. ಗಿಳಿಗಳನ್ನು ಬೀರುವಿನಲ್ಲಿಟ್ಟಿದ್ದೇನೆ. ಮುಂದಿನ ವಾರ ಅದೇ ಹಾಸಿಗೆ, ಅದೇ ಜಾಗ. ಮೊದಲು ಖಾಲಿ ಸ್ಟ್ಯಾಂಡಿಗೇ ಕಟ್ಟಿ ಎಣಿಸುತ್ತೇವೆ.