ನರೇಂದ್ರ ಅಂದ ಮೇಲೆ ಮೋದಿ ಬಂದೇ ಬರುತ್ತೆ

ಚಿಕ್ಕಬಳ್ಳಾಪುರ, ಶನಿವಾರ, 13 ಜುಲೈ 2024

ನಿನ್ನೆಯಿಂದ ವಾಟ್ಸಾಪ್ ತುಂಬಾ ಬೈಡನ್ ವಿಡಿಯೋದ್ದೇ ಹಾವಳಿ. ನ್ಯಾಟೋ ಸಭೆಯಲ್ಲಿ ಉಕ್ರೇನಿನ ಜೆಲೆನ್‌ಸ್ಕಿಯನ್ನು ಮೈಕಿಗೆ ಕರೆಯುವಾಗ 'ಅಧ್ಯಕ್ಷ ಪುಟಿನ್' ಅಂದುಬಿಟ್ಟರು. ತಕ್ಷಣ ವಾಪಸ್ ಬಂದು ತಿದ್ದಿಕೊಂಡರು, ಅದು ಬೇರೆ ಮಾತು. ವಯಸ್ಸು 81, ಅರಳುಮರಳು ಅಂತ ನಮ್ಮ ಬೀದಿಯವರೆಲ್ಲ ನಗುತ್ತಿದ್ದಾರೆ. ವಯಸ್ಸೂ ಇರಬಹುದು. ಆದರೆ ಪುಟಿನ್‌ನನ್ನು ಸೋಲಿಸುವ ಯೋಚನೆಯಲ್ಲೇ ಮುಳುಗಿದ್ದೇನೆ ಅಂತ ಅವರೇ ಅಲ್ಲೇ ಹೇಳಿದರಲ್ಲ, ನನಗೆ ಅದೇ ಸರಿ ಅನ್ನಿಸಿತು. ರಾಜಕಾರಣಿಯ ಬಾಯಲ್ಲಿ ಬೆಳಗಿಂದ ಸಂಜೆವರೆಗೂ ಇರೋದು ಎದುರಾಳಿಯ ಹೆಸರು ತಾನೆ?

2018ರ ಚುನಾವಣೆ ನೆನಪಿದೆ ಅಲ್ವಾ? ಮಳವಳ್ಳಿಯಲ್ಲಿ ಸಿದ್ದರಾಮಯ್ಯ ತಮ್ಮದೇ ಪಕ್ಷದ ಶಾಸಕ ನರೇಂದ್ರಸ್ವಾಮಿಯನ್ನು ಹೊಗಳಲು ಹೋಗಿ, ಅಲ್ಲಿ ಆದ ಕೆಲಸಕ್ಕೆಲ್ಲ ನರೇಂದ್ರ ಮೋದಿ ಕಾರಣ ಅಂದುಬಿಟ್ಟರು. ಊರೂರಲ್ಲಿ ಮೋದಿ ಮೋದಿ ಅಂತ ಬೈದು ಬಂದ ಬಾಯಿ, 'ನರೇಂದ್ರ' ಅಂತ ಶುರುವಾದ ಮೇಲೆ 'ಸ್ವಾಮಿ' ಕಡೆಗೆ ಎಲ್ಲಿ ತಿರುಗುತ್ತೆ!

ಅದೇ ವರ್ಷ ಮಾರ್ಚ್‌ನಲ್ಲಿ ಅಮಿತ್ ಶಾ ಅವರದ್ದು ಮಾತ್ರ ನನ್ನ ಲೆಕ್ಕಕ್ಕೆ ಉಲ್ಟಾ. ಯಡಿಯೂರಪ್ಪ ಪಕ್ಕದಲ್ಲೇ ಕೂತಿದ್ದಾರೆ, ಶಾ ಸಿದ್ದರಾಮಯ್ಯ ಸರ್ಕಾರ ಅನ್ನಲು ಹೋಗಿ, ಭ್ರಷ್ಟಾಚಾರಕ್ಕೆ ಸ್ಪರ್ಧೆ ಇಟ್ಟರೆ ಯಡಿಯೂರಪ್ಪ ಸರ್ಕಾರಕ್ಕೇ ಮೊದಲ ಸ್ಥಾನ ಅಂದರು. ಪಕ್ಕದಲ್ಲಿದ್ದವರ ಹೆಸರೇ ನಾಲಿಗೆಗೆ ಸಿಕ್ಕಿರಬೇಕು. ಕೊನೆಗೂ ನಿಜ ಹೊರಗೆ ಬಂತು ಅಂತ ಕಾಂಗ್ರೆಸ್‌ನವರು ಕುಣಿದರು. ಹಾಗಾದರೆ ಸಿದ್ದರಾಮಯ್ಯ ಒಳಗೊಳಗೇ ಮೋದಿ ಅಭಿಮಾನಿನಾ?

ರಾಹುಲ್ ಗಾಂಧಿಯಂತೂ 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಉದ್ಘಾಟನೆಗೆ ಬೆಂಗಳೂರಿಗೆ ಬಂದು, ಅದನ್ನು ತಮಿಳುನಾಡಿನ 'ಅಮ್ಮ ಕ್ಯಾಂಟೀನ್' ಹೆಸರಿನಿಂದ ಕರೆದರು. ಪಾಪ, ಅವರ ಅಜ್ಜಿ ಹೆಸರಿನ ಕ್ಯಾಂಟೀನ್ ಅದು.

ಇಂಥವಕ್ಕೆಲ್ಲ ನಕ್ಕು ಸುಮ್ನೆ ಬಿಡಬಹುದು. ಬೇಕಂತಲೇ ಬೈದು, ಚಪ್ಪಾಳೆ ಬಿತ್ತು ಅಂತ ಇನ್ನೊಂದು ಸಲ ಬೈದು, ಕೇಸು ಬಿದ್ದ ಮೇಲೆ 'ಬಾಯ್ತಪ್ಪಿ ಬಂತು' ಅನ್ನೋರನ್ನು ಕಂಡರೆ ಮಾತ್ರ ಮೈ ಉರಿಯುತ್ತೆ. ಬಾಯ್ತಪ್ಪಿ ಬಂದ ಮಾತು ಆಡಿದವರಿಗೇ ಮುಜುಗರ ತರುತ್ತೆ, ಎದುರಿಗಿದ್ದವರಿಗಲ್ಲ.

ಹೆಸರು ಹೇಳಲು ತಡವರಿಸೋದು ಇನ್ನೊಂದು ಥರ. ರಾಹುಲ್‌ಗೆ ವಿಶ್ವೇಶ್ವರಯ್ಯ ಅನ್ನಲು ಬರಲಿಲ್ಲ ಅಂತ ಮೋದಿ ಸಂತೇಮರಹಳ್ಳಿಯಲ್ಲಿ 'ಐದು ಸಲ ಹೇಳಿ' ಅಂತ ಸವಾಲು ಹಾಕಿದ್ದರು. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ನಮಗೆ ಇಲ್ಲೇ ಪಕ್ಕದಲ್ಲಿದೆ. ಆದರೂ ಪೂರ್ತಿ ಹೆಸರು ಹೇಳೋರು ಕಡಿಮೆ, ನಮ್ಮ ಬಾಯಲ್ಲಿ ಅವರು ಬರೀ ಸರ್ ಎಂವಿ. ಐದು ಸಲ ಅಂದರೆ ನಾವೂ ಒಂದು ಲೋಟ ನೀರು ಕುಡಿದೇ ಶುರು ಮಾಡಬೇಕು.