ಬೇಕಲದಿಂದಲೇ ವಾಪಸಾಗಬೇಡಿ, ವಲಿಯಪರಂಬ ನೋಡಿ ಬನ್ನಿ

ನಮ್ಮ ಮನೆ ಕುಂಬಳೆಯಲ್ಲಿ. ಬೆಂಗಳೂರಿಂದ ನೆಂಟರು ಬಂದರೆ ಅನಂತಪುರದ ಕೆರೆ ದೇವಸ್ಥಾನ, ಆಮೇಲೆ ಬೇಕಲ ಕೋಟೆ. ಅಲ್ಲಿಗೆ ಕಾಸರಗೋಡು ಮುಗಿಯಿತು. ಎಷ್ಟೋ ವರ್ಷ ನಾವೂ ಹಾಗೇ ಮಾಡಿದ್ದೇವೆ. ಆದರೆ ಕೋಟೆಯಿಂದ ಇನ್ನೊಂದು ಗಂಟೆ ದಕ್ಷಿಣಕ್ಕೆ ಹೋದರೆ ವಲಿಯಪರಂಬ ದ್ವೀಪ. ಕಳೆದ ಡಿಸೆಂಬರಿನಲ್ಲಿ ಅಮ್ಮ, ಅತ್ತಿಗೆ ಮತ್ತು ಇಬ್ಬರು ಮಕ್ಕಳ ಜೊತೆ ಅಲ್ಲಿ ಎರಡು ದಿನ ಇದ್ದು ಬಂದೆ. ಹೋಗುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ದ್ವೀಪ ಅಂದ ಕೂಡಲೇ ಸಮುದ್ರದ ನಡುವೆ ಇರುವ ಗುಡ್ಡ ಅಂದುಕೊಳ್ಳಬೇಡಿ. ಇದು ಸುಮಾರು 24 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಕವ್ವಾಯಿ ಹಿನ್ನೀರು. ಕೆಲವು ಕಡೆ ಎಷ್ಟು ಸಪೂರ ಅಂದರೆ, ತೆಂಗಿನ ತೋಟದಲ್ಲಿ ನಿಂತರೆ ಒಂದು ಕಿವಿಗೆ ಅಲೆಯ ಅಬ್ಬರ, ಇನ್ನೊಂದು ಕಿವಿಗೆ ದೋಣಿಯ ಹುಟ್ಟಿನ ಸದ್ದು. ದಕ್ಷಿಣಕ್ಕೆ ಕಾಣುವ ದೊಡ್ಡ ಬೆಟ್ಟ ಏಳಿಮಲೆ. ಅಲ್ಲಿ ನೌಕಾ ಅಕಾಡೆಮಿ ಇದೆ, ಸುಮ್ನೆ ಹೋಗಿ ಒಳಗೆ ನೋಡಿ ಬರಲು ಆಗುವುದಿಲ್ಲ. ದೂರದಿಂದಲೇ ಚೆಂದ.

ಕಾರು ಬೇಕೇ ಬೇಕು ಅಂತಿಲ್ಲ. ಮಂಗಳೂರಿನಿಂದ ಕಣ್ಣೂರಿನ ಕಡೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿ. ಬೇಕಲ ಫೋರ್ಟ್ ಸ್ಟೇಷನ್‌ನಲ್ಲಿ ವೇಗದ ರೈಲುಗಳು ಹೆಚ್ಚಾಗಿ ನಿಲ್ಲುವುದಿಲ್ಲ, ಅದಕ್ಕೇ ಪ್ಯಾಸೆಂಜರ್ ಒಳ್ಳೆಯದು. ಕೋಟೆಯನ್ನು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನೋಡಿಬಿಡಿ. ಕೆಳದಿಯ ಶಿವಪ್ಪ ನಾಯಕನ ಕಾಲದ, ಮುರಕಲ್ಲಿನ ಕೋಟೆ. ಸುಮಾರು 40 ಎಕರೆ, ಆದರೆ ನೆರಳು ತೀರಾ ಕಡಿಮೆ. ಹತ್ತು ಗಂಟೆ ದಾಟಿದರೆ ವಯಸ್ಸಾದವರಿಗೆ, ಮಕ್ಕಳಿಗೆ ಕಷ್ಟ. ಕೊಡೆ, ನೀರು ಇಟ್ಟುಕೊಳ್ಳಿ.

ಚಂದ್ರಗಿರಿ ಹೊಳೆ ದಾಟಿದ ಮೇಲೆ ನಮ್ಮ ಕನ್ನಡ, ತುಳು ಅಷ್ಟಾಗಿ ನಡೆಯುವುದಿಲ್ಲ. ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳದಲ್ಲೇ ಇರುತ್ತದೆ. ‘ಎತ್ರ’ ಅಂದರೆ ಎಷ್ಟು, ‘ಎಪ್ಪೋ’ ಅಂದರೆ ಯಾವಾಗ. ಈ ಎರಡು ಗೊತ್ತಿದ್ದರೆ ಬೋಟು, ಆಟೋ ಎಲ್ಲ ಆಗುತ್ತದೆ. ಕಡವು, ಅಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ, ನಮ್ಮಲ್ಲೂ ಅಲ್ಲೂ ಒಂದೇ ಅಲ್ವಾ!

ಈಗ ಹೌಸ್‌ಬೋಟ್ ವಿಷಯ. ನಾವು ನೀಲೇಶ್ವರದ ಕೋಟಪ್ಪುರಂನಿಂದ ಹತ್ತಿದೆವು. ಫೋನಿನಲ್ಲಿ ‘ಇಡೀ ದಿನ’ ಅಂದಿದ್ದರು. ಮಧ್ಯಾಹ್ನ ಊಟದ ಮೇಲೆ ಸ್ವಲ್ಪ ಸುತ್ತಿದ್ದಷ್ಟೆ, ಹೊತ್ತು ಮುಳುಗುವ ಮೊದಲೇ ದಡಕ್ಕೆ ಕಟ್ಟಿ ಇಂಜಿನ್ ಬಂದ್. ಸಂಜೆಯ ಮೇಲೆ ಮೀನುಗಾರರು ಬಲೆ ಬಿಡುತ್ತಾರೆ, ಅದರ ಮೇಲೆ ಬೋಟ್ ಓಡಿಸಬಾರದು ಅಂದರು. ಅದು ನ್ಯಾಯವೇ. ಆದರೆ ದುಡ್ಡು ಕಟ್ಟುವ ಮೊದಲೇ ಹೇಳಬೇಕಿತ್ತು. ಆದ್ದರಿಂದ ಬೋಟ್ ನಿಜವಾಗಿ ಎಷ್ಟು ಗಂಟೆ ಓಡುತ್ತದೆ, ಏಸಿ ಯಾವ ಹೊತ್ತಿನಲ್ಲಿ ಹಾಕುತ್ತಾರೆ, ಊಟದಲ್ಲಿ ಏನೇನು ಇರುತ್ತದೆ, ಇದನ್ನೆಲ್ಲ ಮೆಸೇಜಿನಲ್ಲಿ ಬರೆಸಿಕೊಂಡೇ ಅಡ್ವಾನ್ಸ್ ಕೊಡಿ.

ನನ್ನನ್ನು ಕೇಳಿದರೆ ರಾತ್ರಿ ಹೌಸ್‌ಬೋಟ್ ಬೇಡ. ದ್ವೀಪದಲ್ಲೇ ಯಾವುದಾದರೂ ಹೋಂಸ್ಟೇಯಲ್ಲಿ ಉಳಿಯಿರಿ, ತಿರುಗಾಡಲು ಸರ್ಕಾರಿ ಬೋಟ್ ಹಿಡಿಯಿರಿ. ತೃಕ್ಕರಿಪುರ ಸ್ಟೇಷನ್‌ನಲ್ಲಿ ಇಳಿದು ಆಟೋದವರಿಗೆ ಆಯಿಟ್ಟಿ ಬೋಟ್ ಜೆಟ್ಟಿ ಅಂದರೆ ಸಾಕು. ಟಿಕೆಟ್ ಕೆಲವೇ ರೂಪಾಯಿ. ಶಾಲೆ ಮಕ್ಕಳು, ಸಂತೆ ಚೀಲ ಹಿಡಿದವರು, ಎಲ್ಲರೂ ಅದರಲ್ಲೇ. ಕೊನೆಯ ಬೋಟ್ ಯಾವಾಗ ಅಂತ ಜೆಟ್ಟಿಯಲ್ಲೇ ಕೇಳಿಕೊಳ್ಳಿ, ಸಮಯ ಬದಲಾಗುತ್ತಿರುತ್ತದೆ. ಕೆಲವು ಕಡೆ ಸೇತುವೆ ಇದೆ, ರಸ್ತೆಯಲ್ಲೂ ಹೋಗಬಹುದು. ಆದರೆ ನೀರಿನ ಮೇಲೆ ಹೋದ ಹಾಗೆ ಆಗುವುದಿಲ್ಲ.

ಅಮ್ಮ ಮೀನು ಮುಟ್ಟುವವರಲ್ಲ. ಹೋಂಸ್ಟೇಯವರಿಗೆ ಹಿಂದಿನ ದಿನವೇ ಹೇಳಿದ್ದರಿಂದ ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ ಸಿಕ್ಕಿತು. ಹೇಳದೆ ಹೋದರೆ ಕಷ್ಟ. ತಿನ್ನುವವರು ಅರಿಕಡುಕ್ಕ ಬಿಡಬೇಡಿ. ಪಚ್ಚಿಲೆ ಅನ್ನುವ ಕಡಲ ಚಿಪ್ಪುಜೀವಿಯ ಚಿಪ್ಪಿನೊಳಗೆ ಅಕ್ಕಿ ಹಿಟ್ಟು ತುಂಬಿ, ಬೇಯಿಸಿ, ಮಸಾಲೆ ಹಚ್ಚಿ ಕರಿಯುತ್ತಾರೆ.

ಆ ಪಚ್ಚಿಲೆ ಬೆಳೆಯುವುದನ್ನು ನೋಡಿದ್ದೇ ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಇಷ್ಟವಾದದ್ದು. ಪಡನ್ನ ಕಡೆ ಹಿನ್ನೀರಿನಲ್ಲಿ ಸಾಲುಸಾಲಾಗಿ ಬಿದಿರಿನ ಚಪ್ಪರ ಕಾಣುತ್ತದೆ. ದಡದಲ್ಲಿ ನಾಲ್ಕೈದು ಹೆಂಗಸರು ಚಾಪೆ ಹಾಸಿ ಕೂತಿದ್ದರು. ಉಗುರಿನಷ್ಟು ದೊಡ್ಡ ಮರಿಗಳನ್ನು ಹಗ್ಗದ ಸುತ್ತ ಹರಡಿ, ಮೇಲೆ ತೆಳು ಬಟ್ಟೆ ಸುತ್ತಿ ಸರಸರ ಹೊಲಿಯುತ್ತಿದ್ದರು. ಅಮ್ಮ ತನಗೆ ಬರುವ ಅರ್ಧ ಮಲಯಾಳದಲ್ಲಿ, “ಬಟ್ಟೆ ಯಾಕೆ?” ಅಂತ ಕೇಳಿದರು. “ಕೆಲವು ದಿನದಲ್ಲಿ ಕೊಳೆತು ಹೋಗುತ್ತೆ ಅಮ್ಮಾ. ಅಷ್ಟರಲ್ಲಿ ಮರಿ ತಾನೇ ಹಗ್ಗ ಹಿಡಿದಿರುತ್ತೆ,” ಅಂದರು ಒಬ್ಬರು. ಮಗಳ ಕೈಗೂ ಒಂದು ಹಗ್ಗ ಕೊಟ್ಟರು. ಅವಳು ಹೊಲಿದ ಮೊಳದುದ್ದ ಭಾಗವನ್ನು ಬಿಚ್ಚದೆ ಹಾಗೇ ನೀರಿಗೆ ಇಳಿಸಿದರು. ಮಳೆಗೆ ಮೊದಲೇ, ಏಪ್ರಿಲ್–ಮೇ ಹೊತ್ತಿಗೆ ಹಗ್ಗ ಎಳೆಯುತ್ತಾರೆ. ಮಳೆಗಾಲದ ಸಿಹಿನೀರು ನುಗ್ಗಿದರೆ ಪಚ್ಚಿಲೆ ಸಾಯುತ್ತದೆ. ಇಂಥ ಕೆಲಸ ನೋಡುವಾಗ ಒಪ್ಪಿಗೆ ಕೇಳದೆ ಫೋಟೋ ತೆಗೆಯಬೇಡಿ.

ಹತ್ತಿರದ ಇಡಯಿಲಕ್ಕಾಡಿನಲ್ಲಿ ಒಂದು ಕಾವು ಇದೆ, ನಮ್ಮ ನಾಗಬನದ ಹಾಗೆ. ಮಂಗಗಳು ತುಂಬಾ. ಕೈಯಲ್ಲಿ ತಿಂಡಿಯ ಕವರ್ ಹಿಡಿದು ಹೋಗಬೇಡಿ.

ಪಶ್ಚಿಮದ ಕಡಲತೀರ ಖಾಲಿ ಖಾಲಿ. ಖಾಲಿ ಇದೆ ಅಂತ ಈಜಲು ಇಳಿಯಬೇಡಿ, ಮೊಣಕಾಲಿಗಿಂತ ಆಚೆ ಬೇಡವೇ ಬೇಡ. ಕೂಗಿದರೆ ಓಡಿ ಬರಲು ಹತ್ತಿರದಲ್ಲಿ ಜನ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಬರುವುದೇ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ನಮ್ಮ ಭೂತಕೋಲದ ಹಾಗಿನ ತೆಯ್ಯಂ ನಡೆಯುವುದೂ ಆಗಲೇ, ರಾತ್ರಿ ಚೆಂಡೆ ಸದ್ದು ಕೇಳಿದರೆ ಹೋಂಸ್ಟೇಯವರನ್ನು ವಿಚಾರಿಸಿ.

ಹೊರಡುವಾಗ ಆ ಹೆಂಗಸು ಮಗಳಿಗೆ, “ಏಪ್ರಿಲ್‌ನಲ್ಲಿ ಬಾ ಮೋಳೇ, ನಿನ್ನ ಹಗ್ಗ ನೀನೇ ಎಳಿ,” ಅಂದರು. ಕುಂಬಳೆಗೆ ಬಂದ ದಿನವೇ ಅವಳು ಹೊಸ ಕ್ಯಾಲೆಂಡರಿನಲ್ಲಿ ಏಪ್ರಿಲ್ ಹುಡುಕಿ, ಪೆನ್ಸಿಲಿನಿಂದ ಒಂದು ಹಗ್ಗ ಬರೆದಿಟ್ಟಿದ್ದಾಳೆ.